ಹತ್ತನೇ ದಿನ ಅಮ್ಮ ಕೇಳಿದ್ದು

ಅಣ್ಣನ ಕೈ ಬೆಚ್ಚಗಿತ್ತು. ಇವತ್ತಿಗೂ ನನಗೆ ಮರೆಯಲಾಗದೆ ಉಳಿದಿರುವುದು ಅದೇ.

2019ರ ಆಷಾಢ. ಕನಕಪುರ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದವನನ್ನು ಯಾರೋ ಪುಣ್ಯಾತ್ಮರು ಆಟೋದಲ್ಲಿ ಮಲಗಿಸಿಕೊಂಡು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಮೂರನೇ ದಿನ ಬೆಳಗ್ಗೆ ಡಾಕ್ಟರು ನಮ್ಮನ್ನೆಲ್ಲ ಒಂದು ಪುಟ್ಟ ಕೋಣೆಗೆ ಕರೆದು, ಮೆದುಳು ಪೂರ್ತಿ ನಿಂತುಹೋಗಿದೆ, ಇನ್ನು ಅವರು ವಾಪಸ್ ಬರುವುದಿಲ್ಲ ಎಂದರು. ನಾವು ಐಸಿಯು ಒಳಗೆ ಹೋಗಿ ನೋಡಿದರೆ ಎದೆ ಏರುತ್ತಿದೆ, ಇಳಿಯುತ್ತಿದೆ. ಮಾನಿಟರಿನಲ್ಲಿ ಹಸಿರು ಗೆರೆ ಓಡುತ್ತಿದೆ. ಮೂರು ದಿನದ ಗಡ್ಡ ಬೆಳೆದಿದೆ. ಅಮ್ಮ ಅವನ ಬಲಗೈ ಹಿಡಿದುಕೊಂಡು, "ಕೈ ಬೆಚ್ಚಗಿದೆ ಕಣೇ, ಮುಟ್ಟಿ ನೋಡು ಬಾ" ಅಂದಳು. ಮುಟ್ಟಿದೆ. ಬೆಚ್ಚಗೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಹುಡುಗಿ ಬಂದಳು. ಅಂಗಾಂಗ ಕಸಿಯ ಕೋ-ಆರ್ಡಿನೇಟರ್. ಇಪ್ಪತ್ತೈದು, ಇಪ್ಪತ್ತಾರು ವಯಸ್ಸಿರಬಹುದು. ಕಾರಿಡಾರಿನ ಸ್ಟೀಲ್ ಬೆಂಚಿನ ಮೇಲೆ ಅಮ್ಮನ ಪಕ್ಕದಲ್ಲಿ ಕೂತು, ಮೆಲ್ಲಗೆ ವಿಷಯಕ್ಕೆ ಬಂದಳು. ನಿಮಗೆ ಇಷ್ಟವಿದ್ದರೆ ಮಾತ್ರ, ಒತ್ತಾಯ ಏನೂ ಇಲ್ಲ ಎಂದು ಎರಡು ಮೂರು ಸಲ ಹೇಳಿದಳು. ಮನೆಯವರಿಗೆ ಹೀಗೊಂದು ದಾರಿ ಇದೆ ಎಂದು ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಕಾನೂನೇ ಹಾಗೆ ಹೇಳುತ್ತದೆ ಎಂದು ಆಮೇಲೆ ನನಗೆ ಗೊತ್ತಾಯಿತು. ಆ ಹೊತ್ತಿನಲ್ಲಿ ಮಾತ್ರ ಇಷ್ಟು ಬೇಗ ಬಂದುಬಿಟ್ಟರಲ್ಲ ಅನ್ನಿಸಿತ್ತು. ಆ ಹುಡುಗಿಯ ಮೇಲೆ ಸಿಟ್ಟು ಬಂದಿತ್ತು. ಅವಳು ಎಲ್ಲೇ ಇದ್ದರೂ ಚೆನ್ನಾಗಿರಲಿ.

ಅಮ್ಮ ಅವಳನ್ನು ಒಂದೇ ಮಾತು ಕೇಳಿದಳು. "ಎಲ್ಲಾ ತೆಗೆದುಕೊಂಡುಬಿಟ್ಟರೆ ಅವನು ಹೇಗೆ ಹೋಗ್ತಾನಮ್ಮ?"

ಆ ಹುಡುಗಿಯ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಇದು ಶಾಸ್ತ್ರಕ್ಕೆ ವಿರುದ್ಧ. ಅಗ್ನಿಗೆ ಕೊಡುವ ದೇಹ ಪೂರ್ಣವಾಗಿರಬೇಕು" ಅಂದರು. ಅಣ್ಣನ ಮಗ ಆಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ. ಅಳು ತಡೆದುಕೊಂಡು ಕೆಂಪಾಗಿದ್ದ ಮುಖ. "ಇದೆಲ್ಲ ಮೂಢನಂಬಿಕೆ ದೊಡ್ಡ ತಾತ, ಅಪ್ಪ ಇದ್ದಿದ್ರೆ ಹೂಂ ಅಂತಿದ್ರು" ಅಂತ ಜೋರಾಗಿಯೇ ಹೇಳಿಬಿಟ್ಟ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. 'ಮೂಢನಂಬಿಕೆ' ಅನ್ನುವ ಪದ ಅಲ್ಲಿ ಬಿದ್ದದ್ದೇ ತಡ, ಮಾತು ಮುಗಿದೇ ಹೋಯಿತು. ಮಗನನ್ನು ಕಳೆದುಕೊಳ್ಳುತ್ತಿರುವ ತಾಯಿಯ ಪ್ರಶ್ನೆಗೆ ಅದು ಉತ್ತರ ಆಗಿರಲಿಲ್ಲ. ಅಮ್ಮ ತಲೆ ಅಲ್ಲಾಡಿಸಿದಳು. ನಾವು ಬೇಡ ಅಂದೆವು.

ಮರುದಿನ ಸಂಜೆ ಹೃದಯವೂ ನಿಂತಿತು.

ಅಪಘಾತದ ಕೇಸು. ಪೊಲೀಸರು ಬಂದರು, ಪಂಚನಾಮೆ ಆಯಿತು, ಪೋಸ್ಟ್‌ಮಾರ್ಟಮ್ ಆಗಲೇಬೇಕಿತ್ತು. ಶವಾಗಾರದ ಹೊರಗೆ ನಾಲ್ಕು ತಾಸು ನಿಂತಿದ್ದೆವು. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಮನೆಯಲ್ಲಿ ಮುಖಕ್ಕೆ ನೀರು ಹಾಕುವಾಗ ಬಟ್ಟೆ ಸ್ವಲ್ಪ ಜಾರಿತು. ಕುತ್ತಿಗೆಯ ಕೆಳಗಿನಿಂದ ಹೊಲಿಗೆ ಕಾಣಿಸಿತು. ದಪ್ಪ ದಾರದ ದೊಡ್ಡ ದೊಡ್ಡ ಹೊಲಿಗೆ, ಗೋಣಿಚೀಲ ಹೊಲಿದ ಹಾಗೆ. ದೊಡ್ಡಪ್ಪ ನೋಡಿದರು, ನಾನೂ ನೋಡಿದೆ. ಇಬ್ಬರೂ ಮಾತಾಡಲಿಲ್ಲ. ಯಾವ ದೇಹವನ್ನು ಪೂರ್ಣವಾಗಿ ಅಗ್ನಿಗೆ ಕೊಡಬೇಕು ಎಂದು ಹಟ ಹಿಡಿದಿದ್ದೆವೋ ಅದನ್ನು ಆಗಲೇ ಕೊಯ್ದು ಹೊಲಿದಿದ್ದರು. ಅದರಿಂದ ಯಾರಿಗೂ ಏನೂ ದಕ್ಕಿರಲಿಲ್ಲ. ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಸಿ ಬಂದೆವು.

ನಾನು ಹೇಳಬೇಕೆಂದಿರುವುದು ಇದರ ಮುಂದಿನ ಮಾತು.

ಅಪರಕರ್ಮವನ್ನು ಚಾಮರಾಜಪೇಟೆಯ ಕಡೆ ಮಾಡಿಸಿದೆವು. ಹತ್ತನೇ ದಿನ ಧರ್ಮೋದಕ ಬಿಡಲು ನೆಂಟರೆಲ್ಲ ಬಂದಿದ್ದರು. ಅಮ್ಮನೂ ಬಂದು ಗೋಡೆಗೆ ಒರಗಿ ಕೂತಿದ್ದಳು. ನಮ್ಮ ಭಟ್ಟರು ಸಾಮಾನ್ಯವಾಗಿ ಮಂತ್ರದ ಅರ್ಥ ಹೇಳುವವರಲ್ಲ, ಸಮಯ ಇರುವುದಿಲ್ಲ. ಅವತ್ತು ಅದೇನೋ, ಅಣ್ಣನ ಮಗನ ಮುಖ ನೋಡಿ ಅನ್ನಿಸಿರಬೇಕು, ಪಿಂಡ ಇಡಿಸುತ್ತಾ ಬಿಡಿಸಿ ಹೇಳಿದರು. "ನೋಡಪ್ಪ, ಸುಟ್ಟ ದೇಹ ಹೋಯಿತು. ಜೀವಕ್ಕೆ ಮುಂದೆ ಪ್ರಯಾಣ ಮಾಡೋಕೆ ಒಂದು ದೇಹ ಬೇಕಲ್ಲ, ಅದನ್ನು ನೀನು ಈ ಹತ್ತು ದಿನದಲ್ಲಿ ಕಟ್ಟಿಕೊಟ್ಟಿದ್ದೀಯ. ಮೊದಲನೇ ದಿನದ ಪಿಂಡದಿಂದ ಶಿರಸ್ಸು. ಎರಡನೇ ದಿನ ಕುತ್ತಿಗೆ, ಹೆಗಲು. ಮೂರನೇ ದಿನ ಹೃದಯ. ಆಮೇಲೆ ಬೆನ್ನು, ಹೊಕ್ಕುಳು, ಸೊಂಟ, ತೊಡೆ, ಮೊಣಕಾಲು, ಪಾದ. ಇವತ್ತು ಹತ್ತನೇ ದಿನ, ಹಸಿವು ಬಾಯಾರಿಕೆ ಹುಟ್ಟುತ್ತೆ. ಒಂದು ಮೊಳದುದ್ದದ ದೇಹ. ಗರುಡಪುರಾಣದಲ್ಲಿ ಹೀಗೇ ಹೇಳಿದೆ."

ಅಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು.

"ಭಟ್ಟರೇ, ಹಾಗಾದ್ರೆ ಅವನ ಹಳೇ ಹೃದಯ, ಹಳೇ ಕಣ್ಣು ಅವನಿಗೆ ಬೇಕಾಗಿರಲಿಲ್ಲ ಅಲ್ವಾ?"

ಭಟ್ಟರಿಗೆ ಆಸ್ಪತ್ರೆಯ ಸಂಗತಿ ಗೊತ್ತಿರಲಿಲ್ಲ. "ಇಲ್ಲಮ್ಮ, ಅದು ಪಂಚಭೂತಕ್ಕೆ ಸೇರಿದ್ದು, ಅವರಿಗೇನೂ ಸಂಬಂಧ ಇಲ್ಲ" ಎಂದು ದರ್ಭೆ ಸರಿಮಾಡುತ್ತಾ ಸಹಜವಾಗಿ ಹೇಳಿದರು. ಅಮ್ಮ ಮತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ದೊಡ್ಡಪ್ಪ ಉತ್ತರೀಯದಿಂದ ಮುಖ ಒರೆಸಿಕೊಂಡರು. ಹತ್ತು ದಿನ ಮೊದಲು, ಆ ಕಾರಿಡಾರಿನಲ್ಲಿ, ಇದೇ ಮಾತನ್ನು ಇದೇ ಭಟ್ಟರಿಂದ ಒಂದು ಫೋನ್ ಮಾಡಿ ಕೇಳಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಸಿಕ್ಕ ಸಿಕ್ಕವರನ್ನು ಕೇಳಿದ್ದೇನೆ, ಸಿಕ್ಕಿದ್ದನ್ನು ಓದಿದ್ದೇನೆ. ಧರ್ಮ ಅಡ್ಡ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಡ್ಡ ಬಂದದ್ದು ಧರ್ಮವಲ್ಲ, ಧರ್ಮವನ್ನು ಯಾರೂ ಸರಿಯಾಗಿ ಕೇಳದೇ ಇದ್ದದ್ದು.

ಮೊದಲು ಆ ಬೆಚ್ಚನೆಯ ಕೈಯ ಮಾತು. ನಮ್ಮ ಭಾಷೆಯಲ್ಲಿ ಸಾವು ಅಂದರೆ ಉಸಿರು. ಪ್ರಾಣ ಹೋಯಿತು, ಉಸಿರು ನಿಂತಿತು, ಕೊನೆಯುಸಿರೆಳೆದರು. ಅಜ್ಜಿಯ ಕಾಲದಲ್ಲಿ ಹತ್ತಿಯ ಎಳೆಯೊಂದನ್ನು ಮೂಗಿನ ಹತ್ತಿರ ಹಿಡಿದು ಅದು ಅಲುಗುತ್ತದೋ ಇಲ್ಲವೋ ನೋಡುತ್ತಿದ್ದರಂತೆ. ಹಾಗಿರುವಾಗ ಎದೆ ಏರಿಳಿಯುತ್ತಿರುವ ಮನುಷ್ಯನನ್ನು ಸತ್ತಿದ್ದಾನೆ ಅಂದರೆ ಯಾವ ತಾಯಿ ನಂಬುತ್ತಾಳೆ? ಆ ಉಸಿರು ಅಣ್ಣನದಾಗಿರಲಿಲ್ಲ, ಯಂತ್ರದ್ದು ಎಂದು ನಮಗೆ ಯಾರೂ ಮನಸ್ಸಿಗೆ ನಾಟುವ ಹಾಗೆ ಹೇಳಲಿಲ್ಲ. ಮೆದುಳಿನ ಸಾವು ಖಚಿತಪಡಿಸಲು ಮಾಡುವ ಪರೀಕ್ಷೆಗಳಲ್ಲಿ ಕೊನೆಯದು ಉಸಿರಿನದೇ. ಆಮ್ಲಜನಕ ಮಾತ್ರ ಒಳಗೆ ಹೋಗುವಂತೆ ಮಾಡಿ, ವೆಂಟಿಲೇಟರನ್ನು ಬಿಡಿಸಿ, ಕೆಲವು ನಿಮಿಷ ಕಾಯುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಮೆದುಳಿನ ಕಾಂಡದಲ್ಲಿ ಒಂದು ಎಳೆ ಜೀವ ಇದ್ದರೂ ಅದು ಉಸಿರು ಎಳೆದುಕೊಳ್ಳದೆ ಬಿಡುವುದಿಲ್ಲ. ಎದೆ ಅಲುಗದಿದ್ದರೆ ಪ್ರಾಣ ಇಲ್ಲ ಎಂದರ್ಥ. ಅಜ್ಜಿಯ ಹತ್ತಿಯ ಎಳೆಯೂ ಇದೇ ಪ್ರಶ್ನೆ ಕೇಳುತ್ತಿತ್ತು.

ಇದನ್ನು ಒಬ್ಬ ಡಾಕ್ಟರು ಒಂದು ಸಲ ನೋಡಿ ತೀರ್ಮಾನಿಸುವ ಹಾಗೂ ಇಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ವೈದ್ಯರು ಸಹಿ ಹಾಕಬೇಕು. ಪರೀಕ್ಷೆ ಎರಡು ಸಲ ಆಗಬೇಕು, ನಡುವೆ ಕನಿಷ್ಠ ಆರು ತಾಸಿನ ಅಂತರ ಇರಬೇಕು. ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ. ಅಂಗಕ್ಕಾಗಿ ಬೇಗ ಸತ್ತರು ಎಂದು ಹೇಳಿಬಿಡುತ್ತಾರಂತೆ ಎನ್ನುವ ಭಯ ನಮ್ಮ ಊರಿನಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿಲ್ಲ! ಕಿಡ್ನಿ ಮಾರಾಟ ನಡೆದಿದ್ದ ದೇಶ ಇದು. ಆ ವ್ಯಾಪಾರವನ್ನು ತಡೆಯಲೆಂದೇ ಈ ಕಾನೂನು ಬಂದದ್ದು. ಹಾಗಾಗಿ ಭಯಪಡುವವರನ್ನು ನಾನು ಬೈಯಲಾರೆ.

ದೊಡ್ಡಪ್ಪನ ಮಾತಿಗೂ ಬರಬೇಕು. ಅವರನ್ನು ಬಹಳ ದಿನ ಮನಸ್ಸಿನಲ್ಲೇ ದೂಷಿಸಿದೆ. ಆದರೆ ಯೋಚಿಸಿದಷ್ಟೂ ಅವರ ಆಕ್ಷೇಪದಲ್ಲಿ ಒಂದು ಸತ್ಯದ ಕಾಳಿತ್ತು ಅನ್ನಿಸಿತು. ದಧೀಚಿ ಮಹರ್ಷಿ ಬೆನ್ನೆಲುಬು ಕೊಟ್ಟ, ಇಂದ್ರ ಅದರಿಂದ ವಜ್ರಾಯುಧ ಮಾಡಿಕೊಂಡ. ಶಿಬಿ ಪಾರಿವಾಳಕ್ಕಾಗಿ ತೊಡೆಯ ಮಾಂಸ ಕೊಯ್ದು ತಕ್ಕಡಿಯಲ್ಲಿಟ್ಟ. ಅಂಗದಾನದ ಪೋಸ್ಟರುಗಳಲ್ಲಿ ಈ ಕಥೆಗಳು ಇದ್ದೇ ಇರುತ್ತವೆ. ಆದರೆ ದಧೀಚಿಯನ್ನು ಕೇಳಿದಾಗ ಅವನು ಬದುಕಿದ್ದ, ತಾನೇ ಒಪ್ಪಿದ. ದಾನ ಅಂದರೆ ಹಾಗೇ. ಸಂಕಲ್ಪ ಇಲ್ಲದೆ ದಾನ ಇಲ್ಲ. ಒಂದು ಹಸು ದಾನ ಕೊಡಬೇಕಾದರೂ ಇಂಥ ಸಂವತ್ಸರ, ಇಂಥ ಮಾಸ, ಇಂಥ ತಿಥಿ, ಇಂಥ ಗೋತ್ರದ ನಾನು ಎಂದು ಹೇಳಿ, ಕೈಯಲ್ಲಿ ನೀರು ಬಿಟ್ಟು ಕೊಡುತ್ತೇವೆ. ನಮ್ಮ ಅಣ್ಣ ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ. ಅವನ ಪರವಾಗಿ ನಾವು ಕೊಟ್ಟರೆ ದಾನಿ ಯಾರು? ಇದು ಮೂಢನಂಬಿಕೆಯಲ್ಲ, ಸರಿಯಾದ ಪ್ರಶ್ನೆ.

ಉತ್ತರವೂ ಅದರೊಳಗೇ ಇದೆ. ಬದುಕಿರುವಾಗಲೇ ಸಂಕಲ್ಪ ಮಾಡಬೇಕು. ಸರ್ಕಾರದ ಭಾಷೆಯಲ್ಲಿ ಅದಕ್ಕೆ ಫಾರ್ಮ್ 7 ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಕೆಲಸ ನೋಡಿಕೊಳ್ಳುವ ಸಂಸ್ಥೆಯ ಹೆಸರೇ ಜೀವಸಾರ್ಥಕತೆ. ಪ್ರತಿಜ್ಞೆ ಮಾಡಿದರೂ ಕೊನೆಯ ಸಹಿ ಮನೆಯವರದೇ. ಅವರು ಒಲ್ಲೆ ಅಂದರೆ ಯಾರೂ ಮುಟ್ಟುವುದಿಲ್ಲ. ಆದರೂ ಆ ಕಾಗದ ಇದ್ದರೆ ಮನೆಯವರು ತೀರ್ಮಾನ ಮಾಡಬೇಕಿಲ್ಲ, ಹೋದವರ ಮಾತು ನಡೆಸಿಕೊಡುವುದಷ್ಟೇ. ಆ ಎರಡರ ನಡುವೆ ಎಷ್ಟು ವ್ಯತ್ಯಾಸ ಎನ್ನುವುದು ಆ ಸ್ಟೀಲ್ ಬೆಂಚಿನ ಮೇಲೆ ಕೂತವರಿಗೆ ಗೊತ್ತು. ಇನ್ನೊಂದು ಒಳ್ಳೆಯ ಪದ್ಧತಿ, ಕೊಟ್ಟವರು ಯಾರು, ಪಡೆದವರು ಯಾರು ಎಂದು ಪರಸ್ಪರ ತಿಳಿಸುವುದಿಲ್ಲ. ನಮ್ಮ ಹಿರಿಯರು ಗುಪ್ತದಾನ ಎಂದು ಕೈಮುಗಿಯುತ್ತಿದ್ದದ್ದು ಇಂಥದಕ್ಕೇ.

ನನ್ನ ಜೊತೆ ಹದಿನೆಂಟು ವರ್ಷ ಕೆಲಸ ಮಾಡಿದ ಗೆಳತಿಯೊಬ್ಬಳಿದ್ದಾಳೆ, ಶಿವಾಜಿನಗರದವಳು. ಅವಳ ಅಬ್ಬಾಗೆ ಮೂರು ವರ್ಷ ಡಯಾಲಿಸಿಸ್ ಆಯಿತು. ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ ಅವರನ್ನು ಆಟೋದಲ್ಲಿ ಕರೆದೊಯ್ದು ಬಿಟ್ಟು ಆಮೇಲೆ ಆಫೀಸಿಗೆ ಬರುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಅವಳೇ ಹೇಳಿದಳು. "ನಮ್ಮಲ್ಲಿ ದೇಹ ಅಮಾನತ್ತು. ಅಲ್ಲಾಹ್ ಇಟ್ಟುಕೋ ಅಂತ ಕೊಟ್ಟಿರೋದು. ಇಟ್ಟುಕೊಳ್ಳೋಕೆ ಕೊಟ್ಟಿದ್ದನ್ನು ನಾನು ಇನ್ನೊಬ್ಬರಿಗೆ ಕೊಡೋದು ಹೇಗೆ ಅನ್ನೋದು ನಮ್ಮ ತಕರಾರು." ಸತ್ತವರ ಎಲುಬು ಮುರಿಯುವುದು ಬದುಕಿರುವವರ ಎಲುಬು ಮುರಿದಂತೆಯೇ ಎನ್ನುವ ಹದೀಸೂ, ಅಂದರೆ ಪ್ರವಾದಿಯವರ ಮಾತೂ ಇದೆ, ಹಾಗಾಗಿ ಉಪಖಂಡದ ಹಲವು ಉಲೇಮಾಗಳು, ಧರ್ಮವಿದ್ವಾಂಸರು, ಇದನ್ನು ಒಪ್ಪಿಲ್ಲ ಎಂದಳು. ಬೇಗ ಮಣ್ಣು ಮಾಡಬೇಕು, ತಡ ಮಾಡಬಾರದು ಎನ್ನುವುದು ಇನ್ನೊಂದು ಸಂಕಟ.

ಇನ್ನೊಂದು ಕಡೆಯೂ ಅಷ್ಟೇ ಗಟ್ಟಿಯಾಗಿದೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂದು ಕುರಾನಿನ ಐದನೇ ಅಧ್ಯಾಯದಲ್ಲಿದೆ. ಅನಿವಾರ್ಯ ಬಂದಾಗ ನಿಷಿದ್ಧವಾದದ್ದಕ್ಕೂ ವಿನಾಯಿತಿ ಉಂಟು ಎನ್ನುವುದು ಅವರ ಧರ್ಮಶಾಸ್ತ್ರದ ಹಳೆಯ ಸೂತ್ರ. ಸೌದಿಯ ಹಿರಿಯ ಉಲೇಮಾಗಳು 1982ರಲ್ಲೇ ಒಪ್ಪಿಗೆ ಕೊಟ್ಟಿದ್ದರು. 1988ರಲ್ಲಿ ಜೆದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ (ಇಸ್ಲಾಮಿಕ್ ಧರ್ಮಶಾಸ್ತ್ರ) ಅಕಾಡೆಮಿ ಷರತ್ತುಗಳ ಮೇಲೆ ಅಂಗ ಕಸಿಗೆ ಅನುಮತಿ ಕೊಟ್ಟಿತು. ಅಂಗ ಮಾರುವಂತಿಲ್ಲ ಎನ್ನುವುದು ಅದರಲ್ಲಿ ಖಡಾಖಂಡಿತ. ಇರಾನಿನಲ್ಲಿ 2000ದಲ್ಲಿ ಕಾನೂನೇ ಆಯಿತು. ನನ್ನ ಗೆಳತಿ ಇವೆಲ್ಲವನ್ನೂ ಹಿಡಿದುಕೊಂಡು ತಮ್ಮ ಮೊಹಲ್ಲಾದ ಮೌಲವಿಯವರ ಹತ್ತಿರ ಹೋಗಿದ್ದಳು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿನ್ನ ನಿಯತ್ತು ಏನು ಅಂತ ಅಲ್ಲಾಹ್‌ಗೆ ಗೊತ್ತು ಬೇಟಿ" ಎಂದರಂತೆ. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಅಬ್ಬಾ ಕಾಯುವ ಪಟ್ಟಿಯಲ್ಲಿದ್ದಾಗಲೇ ತೀರಿಕೊಂಡರು. ಅವರಿಗೆ ಸಿಗಬಹುದಾಗಿದ್ದ ಕಿಡ್ನಿ ಯಾರೋ ಹಿಂದೂವಿನದೋ ಕ್ರಿಶ್ಚಿಯನ್ನರದೋ ಆಗಿರಬಹುದಿತ್ತು. ನಮ್ಮ ಅಣ್ಣನದೂ ಆಗಬಹುದಿತ್ತು, ಅದೇ ವರ್ಷ. ಇದನ್ನು ನಾನು ಅವಳ ಮುಂದೆ ಯಾವತ್ತೂ ಆಡಿಲ್ಲ. ಅವಳೂ ಕೇಳಿಲ್ಲ.

ಕ್ರೈಸ್ತರಲ್ಲಿ, ಕ್ಯಾಥೊಲಿಕರಲ್ಲಂತೂ, ಈ ಪ್ರಶ್ನೆ ಹೆಚ್ಚುಕಡಿಮೆ ಬಗೆಹರಿದಿದೆ. ಎರಡನೇ ಜಾನ್ ಪೌಲ್ ಪೋಪ್ ಆಗಿದ್ದಾಗ 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಸೇರಿದ್ದ ಕಸಿ ವೈದ್ಯರ ಮುಂದೆಯೇ ಇದನ್ನು ಪ್ರೀತಿಯ ಕೆಲಸ ಎಂದು ಹೊಗಳಿದ್ದರು. ಬೌದ್ಧರಲ್ಲಿ ಶ್ರೀಲಂಕಾದ ಉದಾಹರಣೆ ನನಗೆ ಬಹಳ ಇಷ್ಟ. ಜಾತಕ ಕಥೆಯಲ್ಲಿ ಶಿವಿ ರಾಜ ಕುರುಡನೊಬ್ಬನಿಗೆ ತನ್ನ ಕಣ್ಣುಗಳನ್ನೇ ಕೊಟ್ಟುಬಿಡುತ್ತಾನೆ. ಆ ಕಥೆ ಕೇಳಿ ಬೆಳೆದ ಪುಟ್ಟ ದೇಶ 1960ರ ದಶಕದಿಂದ ತನ್ನ ಸತ್ತವರ ಕಣ್ಣುಗಳನ್ನು ಹತ್ತಾರು ದೇಶಗಳಿಗೆ ಕಳಿಸುತ್ತಾ ಬಂದಿದೆ.

ಲಿಂಗಾಯತರ ಮನೆಗಳಲ್ಲಿ ಮಾತಾಡಿದಾಗ ಇನ್ನೊಂದು ಬಗೆಯ ಸಂಕೋಚ ಕಂಡೆ. ಕಾಯವೇ ಕೈಲಾಸ, ದೇಹವೇ ದೇಗುಲ ಎನ್ನುವ ಪರಂಪರೆ. ಕೂರಿಸಿ, ಲಿಂಗ ಇಟ್ಟು, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ. ದೇಗುಲವನ್ನು ಕೊಯ್ಯುವುದೇ ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಆಗ ನನಗೆ ನಟ ಸಂಚಾರಿ ವಿಜಯ್ ನೆನಪಾದರು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಬೈಕ್ ಅಪಘಾತ, ಮೆದುಳಿನ ಸಾವು. ಮನೆಯವರು ಅಂಗಾಂಗ ಕೊಡಲು ಒಪ್ಪಿದರು. ಆಮೇಲೆ ಕಡೂರು ತಾಲೂಕಿನ ಪಂಚನಹಳ್ಳಿಯಲ್ಲಿ, ಸ್ನೇಹಿತರ ತೋಟದಲ್ಲಿ, ಲಿಂಗಾಯತ ಸಂಪ್ರದಾಯದಂತೆಯೇ ಅಂತ್ಯಕ್ರಿಯೆ ನಡೆಯಿತು. ವಿಧಿಯೂ ತಪ್ಪಲಿಲ್ಲ, ದಾನವೂ ತಪ್ಪಲಿಲ್ಲ. ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ ಎಂದು ಬಸವಣ್ಣನವರು ಹೇಳಿದ್ದು ಗುಡಿ ಕಟ್ಟುವವರಿಗೆ ಉತ್ತರವಾಗಿ ಇರಬಹುದು. ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಹೋಗಿ ಬಡಿಯುವ ಹೃದಯಕ್ಕಿಂತ ದೊಡ್ಡ ಜಂಗಮ ನನಗೆ ತೋಚುವುದಿಲ್ಲ ಎಂದೆ. ಅಜ್ಜಿ ನಕ್ಕು, "ಮಾತು ಚಲೋ ಆಡ್ತಿ" ಅಂದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ನನಗೆ ಸಿಟ್ಟು ಬರುವ ಸಂಗತಿ ಒಂದಿದೆ, ಅದನ್ನೂ ಇಲ್ಲೇ ಬರೆದುಬಿಡುತ್ತೇನೆ. ನಮ್ಮ ದೇಶದಲ್ಲಿ ಆಗುವ ಕಸಿಗಳಲ್ಲಿ ಬಹುಪಾಲು ಬದುಕಿರುವವರು ಕೊಟ್ಟದ್ದು. ಹಾಗೆ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಹೆಂಡತಿ, ತಾಯಿ, ಅಕ್ಕ. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ನನ್ನ ಚಿಕ್ಕಮ್ಮನೇ ಚಿಕ್ಕಪ್ಪನಿಗೆ ಕಿಡ್ನಿ ಕೊಟ್ಟವಳು. ಅವಳ ಎಡ ಪಕ್ಕೆಯ ಕೆಳಗೆ ಗೇಣುದ್ದದ ಗಾಯದ ಗುರುತಿದೆ, ಚಳಿಗಾಲದಲ್ಲಿ ಎಳೆಯುತ್ತದೆ ಅನ್ನುತ್ತಾಳೆ. ಅವಳು ಕೊಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಪಂಚಾಂಗ ತೆಗೆಯಲಿಲ್ಲ, ಶಾಸ್ತ್ರ ಏನು ಹೇಳುತ್ತದೆ ಎಂದು ಕೇಳಲಿಲ್ಲ. ಧರ್ಮಪತ್ನಿ ಅಂದರೆ ಹೀಗಿರಬೇಕು ಅಂದರು. ಬದುಕಿರುವ, ಮುಂದೆ ಬದುಕಬೇಕಾದ ಹೆಂಗಸಿನ ದೇಹ ಪೂರ್ಣವಾಗಿರಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಸುಟ್ಟುಹೋಗಲಿರುವ ಗಂಡಸಿನ ದೇಹದ ವಿಷಯ ಬಂದಾಗ ಮಾತ್ರ ಎಲ್ಲರಿಗೂ ಶಾಸ್ತ್ರ ನೆನಪಾಗುತ್ತದೆ. ಚಿಕ್ಕಮ್ಮ ಪ್ರೀತಿಯಿಂದಲೇ ಕೊಟ್ಟಳು, ಅದರಲ್ಲಿ ಅನುಮಾನವಿಲ್ಲ. ಆದರೆ ಸತ್ತವರ ಕಿಡ್ನಿಗಳು ಸಾಕಷ್ಟು ಸಿಗುವಂತಿದ್ದರೆ ಅವಳು ಕೊಡಬೇಕಾಗಿ ಬರುತ್ತಿರಲಿಲ್ಲ. 2023ರಲ್ಲಿ ನೂರ ನಲವತ್ತು ಕೋಟಿ ಜನರ ಇಡೀ ದೇಶದಲ್ಲಿ ಮರಣಾನಂತರ ಅಂಗ ಕೊಟ್ಟವರು ಸುಮಾರು 1,100 ಮಂದಿ, ಅಷ್ಟೇ.

ಈ ಊರಿಗೆ ಮನಸ್ಸಿಲ್ಲ ಎಂದು ಮಾತ್ರ ಹೇಳಲಾರೆ. ಸಿಲ್ಕ್ ಬೋರ್ಡಿನಲ್ಲಿ ಅರ್ಧ ತಾಸು ನಿಂತು ಬೈದುಕೊಳ್ಳುವ ಜನರೇ ಹೃದಯ ಹೊತ್ತ ಆಂಬುಲೆನ್ಸ್ ಬರುತ್ತಿದೆ ಎಂದರೆ ಒತ್ತರಿಸಿ ದಾರಿ ಬಿಡುತ್ತಾರೆ. ತೆಗೆದ ಹೃದಯಕ್ಕೆ ನಾಲ್ಕರಿಂದ ಆರು ತಾಸು ಮಾತ್ರ ಗಡುವು. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲಿಂದ ಚೆನ್ನೈಗೆ ಒಂದು ಹೃದಯ ವಿಮಾನದಲ್ಲಿ ಹೋಗಿತ್ತು. 2025ರ ಆಗಸ್ಟ್‌ನಲ್ಲಿ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ನಮ್ಮ ಮೆಟ್ರೋದಲ್ಲೇ ಒಂದು ಯಕೃತ್ತನ್ನು ಸಾಗಿಸಿದರು. ಆಫೀಸಿನಿಂದ ಮನೆಗೆ ಹೋಗುವವರ ನಡುವೆ, ಒಂದು ಪೆಟ್ಟಿಗೆಯಲ್ಲಿ, ಯಾರದೋ ಮುಂದಿನ ಇಪ್ಪತ್ತು ವರ್ಷ. ಆ ಸುದ್ದಿ ಓದಿ ನಾನು ಅತ್ತುಬಿಟ್ಟೆ.

ಇನ್ನು ಕಣ್ಣು. ಈ ವಿಷಯದಲ್ಲಿ ಕನ್ನಡಿಗರಿಗೆ ಶಾಸ್ತ್ರ ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. 1954ರಲ್ಲಿ ರಾಜ್‌ಕುಮಾರ್ ನಾಯಕರಾಗಿ ಮೊದಲು ಬಂದದ್ದು 'ಬೇಡರ ಕಣ್ಣಪ್ಪ'ದಲ್ಲಿ. ಶಿವಲಿಂಗದ ಕಣ್ಣಿನಲ್ಲಿ ರಕ್ತ ಬಂತೆಂದು ಬೇಡನೊಬ್ಬ ಬಾಣದಿಂದ ತನ್ನ ಕಣ್ಣನ್ನೇ ಕಿತ್ತು ಇಡುತ್ತಾನೆ. ಇನ್ನೊಂದು ಕಣ್ಣಿನಲ್ಲೂ ರಕ್ತ ಬರುತ್ತದೆ. ಎರಡನೆಯದನ್ನೂ ಕಿತ್ತರೆ ಇಡಬೇಕಾದ ಜಾಗ ಕಾಣಿಸುವುದಿಲ್ಲವೆಂದು ಕಾಲಿನ ಹೆಬ್ಬೆರಳನ್ನು ಲಿಂಗದ ಮೇಲೆ ಊರುತ್ತಾನೆ. ಮಡಿ ಇಲ್ಲ, ಮಂತ್ರ ಇಲ್ಲ, ಲಿಂಗಕ್ಕೆ ಕಾಲು ತಾಗಿಸಿದ್ದಾನೆ. ಶಿವ ಅವನನ್ನೇ ಅಪ್ಪಿಕೊಂಡ. ಅದೇ 1954ರ ಡಿಸೆಂಬರ್‌ನಲ್ಲಿ ದೂರದ ಬಾಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆಯಿತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಹೋದಾಗಲೂ ಅಷ್ಟೇ. ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವಾದ ಕಾರ್ನಿಯಾದ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಅದಾದ ಮೇಲೆ ಕಣ್ಣಿನ ಬ್ಯಾಂಕುಗಳಲ್ಲಿ ಹೆಸರು ಬರೆಸಲು ಜನ ಸಾಲು ನಿಂತರು.

ಆ ವಾರ ಅಮ್ಮ ಟಿವಿ ಮುಂದಿನಿಂದ ಎದ್ದಿರಲಿಲ್ಲ. ನಾಲ್ಕು ಜನರ ಸುದ್ದಿ ಬಂದಾಗ ನನ್ನನ್ನು ಕರೆದು, "ನನಗೆ ಪೊರೆ ಆಪರೇಷನ್ ಆಗಿದೆ, ಕನ್ನಡಕ ಇದೆ, ನನ್ನದು ತಗೋತಾರಾ ಕೇಳು" ಅಂದಳು. ಕೇಳಿದೆ. ಕಾರ್ನಿಯಾ ಚೆನ್ನಾಗಿದ್ದರೆ ಸಾಕು, ಪೊರೆ ತೆಗೆಸಿದ್ದರೂ ವಯಸ್ಸಾಗಿದ್ದರೂ ಅಡ್ಡಿಯಿಲ್ಲ ಅಂದರು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರೆ ಎಂದು ಪಕ್ಕದ ಮನೆಯವರು ಹೇಳಿದಾಗ ಅಮ್ಮ, "ಇಡೀ ಮೈ ಸುಟ್ಟುಹಾಕ್ತಾರಲ್ಲಮ್ಮ, ಹಾಗಿದ್ರೆ ಮುಂದಿನ ಜನ್ಮದಲ್ಲಿ ಮೈಯೇ ಇಲ್ಲದೆ ಹುಟ್ಟಬೇಕಿತ್ತಲ್ಲ" ಅಂದಳು. ಮೊಮ್ಮಗನನ್ನು ಕೂರಿಸಿಕೊಂಡು ಫಾರ್ಮ್ ತುಂಬಿಸಿದಳು. ಸಹಿ ಮಾಡುವ ಮುಂಚೆ ಒಂದು ಉದ್ಧರಣೆ ನೀರು ತರಿಸಿ, ಅಂಗೈಯಲ್ಲಿ ಹಾಕಿಕೊಂಡು, ತಟ್ಟೆಗೆ ಬಿಟ್ಟಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಳೆದ ವರ್ಷ ಮಾರ್ಗಶಿರದಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ, ಮನೆಯಲ್ಲೇ ಹೋದಳು. ಮೊದಲೇ ಹೇಳಿದ್ದರಿಂದ ಕೈ ತಾನಾಗಿ ಕೆಲಸ ಮಾಡಿತು. ರೆಪ್ಪೆ ಮುಚ್ಚಿದೆ. ಫ್ಯಾನ್ ಆರಿಸಿದೆ. ತಲೆಯ ಕೆಳಗೆ ಎರಡು ದಿಂಬು ಕೊಟ್ಟು ಎತ್ತರಿಸಿದೆ. ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಎರಡೂ ಕಣ್ಣಿನ ಮೇಲೆ ಇಟ್ಟೆ. ಆ ಹತ್ತಿ ದೇವರಮನೆಯ ಬತ್ತಿಗೆಂದು ಅವಳೇ ಬಿಡಿಸಿಟ್ಟದ್ದು. ಆರು ತಾಸಿನೊಳಗೆ ಆಗಬೇಕು, ಆದಷ್ಟು ಬೇಗ ಆದರೆ ಒಳ್ಳೆಯದು. ಅಣ್ಣನ ಮಗ ಫೋನ್ ಮಾಡಿದ. ಆರು ಗಂಟೆಗೆ ಇಬ್ಬರು ಬಂದರು, ಚಪ್ಪಲಿ ಹೊರಗೆ ಬಿಟ್ಟು, ಅಮ್ಮನಿಗೆ ಕೈಮುಗಿದು ಒಳಗೆ ಬಂದರು.

ಒಪ್ಪಿಗೆ ಪತ್ರಕ್ಕೆ ಸಾಕ್ಷಿ ಬೇಕಿತ್ತು. ದೊಡ್ಡಪ್ಪನಿಗೆ ಈಗ ಎಂಬತ್ತೆಂಟು, ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. "ಮೊದಲು ತುಳಸಿ ನೀರು ಬಿಡಬಹುದೇನಪ್ಪಾ?" ಎಂದು ಬಂದವರನ್ನು ಕೇಳಿದರು. "ಬಿಡಿ ಸರ್, ನಾವು ಕಾಯ್ತೀವಿ" ಅಂದರು. ಬಿಟ್ಟರು. ಆಮೇಲೆ ಪೆನ್ನು ಈಸಿಕೊಂಡು, ನಡುಗುವ ಕೈಯಲ್ಲಿ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ರೆಪ್ಪೆಗಳು ಮೊದಲಿನಂತೆಯೇ ಮುಚ್ಚಿಕೊಂಡಿದ್ದವು. ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಮೊದಲನೇ ದಿನದ ಪಿಂಡಕ್ಕೆ ಅದೇ ಭಟ್ಟರು ಬಂದಿದ್ದರು. ಈ ಸಲ ಅವರಿಗೆ ಎಲ್ಲ ಗೊತ್ತಿತ್ತು. ದರ್ಭೆ ಹಾಸಿ, ಎಳ್ಳು ಬೆರೆಸಿದ ಅನ್ನದ ಉಂಡೆಯನ್ನು ಅಣ್ಣನ ಮಗನ ಕೈಯಿಂದ ಇಡಿಸಿ, "ಇದು ಶಿರಸ್ಸು" ಎಂದರು. ನೀರು ಬಿಡಿಸಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿ ಮೆಲ್ಲಗೆ, "ಕಣ್ಣೂ ಇದರಲ್ಲೇ ಬಂತಮ್ಮಾ" ಅಂದರು.